ವಿದ್ಯಾರ್ಥಿ ಖಾತೆಯಿಂದ ರೂಟ್ ಆಗುವ ದಾರಿಗಳು: ಸ್ಕ್ಯಾನರ್ ವರದಿಯನ್ನು ಎಷ್ಟು ನಂಬಬೇಕು?

ಲ್ಯಾಬ್_ಕೀಲಿಕೈ

ಎಲ್ಲರಿಗೂ ನಮಸ್ಕಾರ. ಒಂದು ವಿಭಾಗದ ಲ್ಯಾಬ್ ಸರ್ವರ್ ವಿಚಾರ. ಉಬುಂಟು 20.04. ಸುಮಾರು 70 ವಿದ್ಯಾರ್ಥಿ ಖಾತೆಗಳಿವೆ, ಎಲ್ಲರೂ ಎಸ್‌ಎಸ್‌ಎಚ್‌ನಲ್ಲಿ ಒಳಗೆ ಬಂದು ಸಿ, ಪೈಥಾನ್ ಓಡಿಸುತ್ತಾರೆ. ಪ್ರಾಜೆಕ್ಟ್ ಮಾಡುವ 12 ಜನ ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಅನ್ನುವ ಪ್ರತ್ಯೇಕ ಪೆಟ್ಟಿಗೆಯಲ್ಲಿ ಓಡಿಸುವ ಸಾಧನ) ಗುಂಪಿನಲ್ಲಿದ್ದಾರೆ. ಹೊರಗಿನಿಂದ ಬರುವವರಿಗೆ ಫೈರ್‌ವಾಲ್ ಇದೆ. ಈಗಿನ ತಲೆನೋವು ಒಳಗಿನವರದ್ದು: ಸಾಮಾನ್ಯ ಖಾತೆಯಲ್ಲಿ ಕೂತವರು ರೂಟ್ (ಯಂತ್ರದ ಮೇಲೆ ಪೂರ್ಣ ಹಿಡಿತ ಇರುವ ಖಾತೆ) ಆಗಿಬಿಟ್ಟರೆ ಏನು ಗತಿ?

ದೋಷ ಹುಡುಕುವ ಸ್ಕ್ಯಾನರ್ ಓಡಿಸಿದಾಗ ಮೂರು ಸಾಲು ಕೆಂಪಾಗಿ ಬಂದವು (ಸುಡೊ, ಪೋಲ್‌ಕಿಟ್ ಎರಡೂ ಸಾಮಾನ್ಯ ಖಾತೆಗೆ ರೂಟ್ ಹಕ್ಕು ಕೊಡಿಸುವ ಸಾಧನಗಳು, ಕರ್ನಲ್ ಲಿನಕ್ಸ್‌ನ ತಿರುಳು, ಸಿವಿಇ ಅಂದರೆ ಬಯಲಾದ ದೋಷಕ್ಕೆ ಕೊಡುವ ಸಂಖ್ಯೆ):

ಸುಡೊ 1.8.31 – ಸಿವಿಇ-2021-3156
ಪೋಲ್‌ಕಿಟ್ 0.105 – ಸಿವಿಇ-2021-4034
ಕರ್ನಲ್ 5.4 – ಹಳೆಯದು, ಲೋಕಲ್ ಪ್ರಿವಿಲೆಜ್ ಎಸ್ಕಲೇಶನ್ (ಒಳಗಿನ ಖಾತೆ ಹೆಚ್ಚಿನ ಹಕ್ಕಿಗೆ ಏರುವುದು) ಸಾಧ್ಯ

'ಆಪ್ಟ್ ಅಪ್‌ಗ್ರೇಡ್' ತಪ್ಪದೆ ನಡೆದಿದೆ. ಆದರೂ ಸುಡೊ ಆವೃತ್ತಿ 1.8.31ರಿಂದ ಕದಲಿಲ್ಲ. ಅಪ್‌ಟೈಮ್ 412 ದಿನ ತೋರಿಸುತ್ತಿದೆ.

ಯಾರಿಗೆ ಯಾವ ಸುಡೊ ಹಕ್ಕು ಅಂತ ಬರೆದಿಡುವ ಸುಡೋಯರ್ಸ್ ಫೈಲ್‌ನಲ್ಲಿ ಎರಡು ವಿಶೇಷ ಸಾಲುಗಳಿವೆ. ಲ್ಯಾಬ್ ಸಹಾಯಕರು ಡಿಎಚ್‌ಸಿಪಿ ಕಾನ್ಫಿಗ್ ಫೈಲನ್ನು ವಿಮ್ ಎಡಿಟರ್‌ನಲ್ಲಿ ರೂಟ್ ಆಗಿ ತೆರೆಯಬಹುದು. ಒಂದು ಪ್ರಾಜೆಕ್ಟ್ ಖಾತೆಗೆ '(ಆಲ್, !ರೂಟ್) ಆಲ್' ಅಂತ ಕೊಟ್ಟಿದೆ, ಅಂದರೆ ರೂಟ್ ಬಿಟ್ಟು ಬೇರೆ ಯಾರ ಹೆಸರಲ್ಲಾದರೂ ಓಡಿಸಬಹುದು. ಜೊತೆಗೆ ರಾತ್ರಿ 2ಕ್ಕೆ ರೂಟ್ ಕ್ರಾನ್ (ಗೊತ್ತಾದ ಹೊತ್ತಿಗೆ ತಾನಾಗಿ ಓಡುವ ಕೆಲಸ) ಒಂದು ಓಡುತ್ತದೆ: ಎಲ್ಲರೂ ಬರೆಯಬಹುದಾದ ಶೇರ್ ಫೋಲ್ಡರ್‌ಗೆ 'ಸಿಡಿ' ಮಾಡಿ, ಬ್ಯಾಕಪ್‌ಗೆ 'ಟಾರ್' ಹಾಕಿ, ಕೊನೆಗೆ '*' ಕೊಟ್ಟಿದೆ.

ವರದಿ ನಿಜವೇ? ಸುಡೊ ಹೊಸ ಆವೃತ್ತಿಯನ್ನು ಸೋರ್ಸ್‌ನಿಂದ ಕಂಪೈಲ್ ಮಾಡಿ ಹಾಕಿಬಿಡಲೇ? ಸ್ಕ್ಯಾನರ್ ಕಣ್ಣಿಗೆ ಬೀಳದ್ದು ಇನ್ನೇನಿರಬಹುದು?

---

ಬೇರು_ಬಳಕೆದಾರ

ಮೊದಲು ಎರಡನೇ ಪ್ರಶ್ನೆಗೆ ಉತ್ತರ: ಬೇಡ. ಸೋರ್ಸ್‌ನಿಂದ ಹಾಕಿದ ಸುಡೊ '/ಯುಎಸ್‌ಆರ್/ಲೋಕಲ್/ಬಿನ್' ಒಳಗೆ ಹೋಗಿ ಕೂರುತ್ತದೆ. ಹಳೆಯ ಸುಡೊ '/ಯುಎಸ್‌ಆರ್/ಬಿನ್' ಒಳಗೆ ಸೆಟ್‌ಯುಐಡಿ ಬಿಟ್ (ಯಾರು ಓಡಿಸಿದರೂ ಫೈಲ್ ಒಡೆಯನ, ಇಲ್ಲಿ ರೂಟ್‌ನ, ಅಧಿಕಾರ ಕೊಡುವ ಗುರುತು) ಸಮೇತ ಹಾಗೇ ಉಳಿಯುತ್ತದೆ. ದಾಳಿ ಮಾಡುವವನು ಪೂರ್ಣ ಪಾತ್ ಕೊಟ್ಟು ಹಳೆಯದನ್ನೇ ಕರೆಯುತ್ತಾನೆ. ಮೇಲಾಗಿ ಹೊಸದಕ್ಕೆ ಇನ್ನು ಮುಂದೆ ಆಪ್ಟ್‌ನಿಂದ ಅಪ್‌ಡೇಟ್ ಬರುವುದಿಲ್ಲ. ಒಂದಿದ್ದ ಬಾಗಿಲು ಎರಡಾದಂತೆ.

ಈಗ ವರದಿ. ಉಬುಂಟು, ಡೆಬಿಯನ್, ರೆಡ್ ಹ್ಯಾಟ್ ಇವರೆಲ್ಲ ಮೂಲ ಆವೃತ್ತಿ ಸಂಖ್ಯೆಯನ್ನು ಮುಟ್ಟದೆ ಪ್ಯಾಚನ್ನಷ್ಟೇ ಹಿಂದಿನ ಆವೃತ್ತಿಗೆ ಹೊಲಿಯುತ್ತಾರೆ. ಬ್ಯಾಕ್‌ಪೋರ್ಟ್ ಅನ್ನುವುದು ಇದಕ್ಕೇ. 'ಸುಡೊ -ವಿ' (ವಿ ದೊಡ್ಡಕ್ಷರ) ತೋರಿಸುವ 1.8.31 ನೋಡಿ ಏನೂ ಹೇಳಲಾಗದು. ಪ್ಯಾಕೇಜ್‌ನ ಬಾಲ, ಅಂದರೆ ಅದರ ಆವೃತ್ತಿ ಸಂಖ್ಯೆಯ ಕೊನೆಯ ಭಾಗ, ನೋಡಬೇಕು. 'ಡಿಪಿಕೆಜಿ -ಎಲ್ ಸುಡೊ' ಹೊಡೆಯಿರಿ. 20.04ರಲ್ಲಿ 2021-3156ಕ್ಕೆ ಪ್ಯಾಚ್ ಬಂದದ್ದು '1.8.31-1ಉಬುಂಟು1.2'ರಲ್ಲಿ. ಪೋಲ್‌ಕಿಟ್‌ನ 2021-4034ಕ್ಕೆ '0.105-26ಉಬುಂಟು1.2'ರಲ್ಲಿ. ನಿಮ್ಮಲ್ಲಿ ಬಾಲ ಅಷ್ಟೇ ಇದ್ದರೆ ಅಥವಾ ಅದಕ್ಕಿಂತ ಮುಂದಿದ್ದರೆ ಆ ಎರಡು ಕೆಂಪು ಸಾಲು ಸುಳ್ಳು. ಸಾಕ್ಷಿ ಬೇಕಿದ್ದರೆ 'ಆಪ್ಟ್ ಚೇಂಜ್‌ಲಾಗ್ ಸುಡೊ' ಕೊಟ್ಟು ಸಿವಿಇ ಸಂಖ್ಯೆ ಹುಡುಕಿ.

ಸುಡೊಗೆ ನೇರ ಪರೀಕ್ಷೆಯೂ ಇದೆ. ಸಾಮಾನ್ಯ ಖಾತೆಯಲ್ಲಿ 'ಸುಡೊಎಡಿಟ್ -ಎಸ್ /' ಹೊಡೆಯಿರಿ. ಉತ್ತರ 'ಸುಡೊಎಡಿಟ್:' ಅಂತ ಶುರುವಾದರೆ ದೋಷ ಇದೆ. 'ಯೂಸೇಜ್:' ಅಂತ ಶುರುವಾದರೆ ಪ್ಯಾಚ್ ಆಗಿದೆ. ಯಾಕೆಂದರೆ ಆ ದೋಷದ ಮೂಲವೇ ಸುಡೊಎಡಿಟ್ ಹೆಸರಿನಲ್ಲಿ ಕರೆದಾಗ '-ಎಸ್' ಆಯ್ಕೆಯನ್ನು ಒಪ್ಪಿಕೊಂಡದ್ದು. ಆ ದಾರಿಯಲ್ಲಿ ಬ್ಯಾಕ್‌ಸ್ಲ್ಯಾಶ್ ಸೇರಿಸುವ ಕೆಲಸ ನಡೆಯುವುದಿಲ್ಲ, ತೆಗೆಯುವ ಕೆಲಸ ಮಾತ್ರ ನಡೆಯುತ್ತದೆ. ಆರ್ಗ್ಯುಮೆಂಟ್ ಒಂಟಿ ಬ್ಯಾಕ್‌ಸ್ಲ್ಯಾಶ್‌ನಲ್ಲಿ ಮುಗಿದರೆ ಕೊನೆಯ ಸೊನ್ನೆ ಬೈಟ್ ದಾಟಿ ಓದುತ್ತ ಹೀಪ್ ಬಫರ್‌ನ ಆಚೆಗೂ ಬರೆಯುತ್ತದೆ. 2011ರ ಜುಲೈನಲ್ಲಿ ಕೋಡಿಗೆ ಸೇರಿದ್ದು, ಬಯಲಾದದ್ದು 2021ರ ಜನವರಿ 26ಕ್ಕೆ. ಸುಡೋಯರ್ಸ್‌ನಲ್ಲಿ ಹೆಸರೇ ಇಲ್ಲದವನಿಗೂ ರೂಟ್ ಸಿಗುತ್ತಿತ್ತು.

ನನಗೆ ನಿಜವಾಗಿ ಗಾಬರಿ ಆದದ್ದು ನಿಮ್ಮ 412 ದಿನ ನೋಡಿ. ಸುಡೊ, ಪಿಕೆಎಕ್ಸೆಕ್ (ಪೋಲ್‌ಕಿಟ್‌ನ ಕಮಾಂಡ್) ಪ್ರತಿ ಸಲ ಹೊಸದಾಗಿ ಓಡುವ ಪ್ರೋಗ್ರಾಂಗಳು, ಪ್ಯಾಕೇಜ್ ಬದಲಾದ ಕ್ಷಣ ಪ್ಯಾಚ್ ಜಾರಿಗೆ ಬರುತ್ತದೆ. ಕರ್ನಲ್ ಹಾಗಲ್ಲ. ಆಪ್ಟ್ ಹೊಸ ಕರ್ನಲನ್ನು '/ಬೂಟ್' ಒಳಗೆ ಇಟ್ಟಿರುತ್ತದೆ, ಓಡುತ್ತಿರುವುದು ಮಾತ್ರ 412 ದಿನ ಹಿಂದಿನದು. 'ಯುನೇಮ್ -ಆರ್' ಕೊಟ್ಟ ಸಂಖ್ಯೆಯನ್ನು '/ಬೂಟ್' ಒಳಗಿನ ಅತಿ ಹೊಸ 'ವಿಎಂಲಿನಕ್ಸ್' ಜೊತೆ ಹೋಲಿಸಿ. '/ವಾರ್/ರನ್/ರೀಬೂಟ್-ರಿಕ್ವೈರ್ಡ್' ಫೈಲ್ ಇದ್ದರೆ ಹೋಲಿಸುವ ಕಷ್ಟವೂ ಬೇಡ. ಲೈವ್‌ಪ್ಯಾಚ್ (ರೀಬೂಟ್ ಇಲ್ಲದೆ ಕರ್ನಲ್ ತಿದ್ದುವ ಸೇವೆ) ಹಾಕಿದ್ದರೆ ದೊಡ್ಡ ದೋಷಗಳಷ್ಟೇ ಮುಚ್ಚುತ್ತವೆ, ಎಲ್ಲವೂ ಅಲ್ಲ.

5.4 ಹಳೆಯದು, ಆದ್ದರಿಂದ ಅಪಾಯ ಅನ್ನುವುದೂ ಅರೆಸತ್ಯ. ಡರ್ಟಿ ಪೈಪ್, ಸಿವಿಇ-2022-0847, ಶೋಷಿಸಲು ಸಾಧ್ಯವಾದದ್ದೇ 5.8ರಿಂದ ಮುಂದಕ್ಕೆ. ಮುಚ್ಚಿದ್ದು 5.16.11, 5.15.25, 5.10.102ರಲ್ಲಿ. 5.4 ಓಡಿಸುತ್ತಿದ್ದವರು ಆ ಸಲ ಪಾರಾದರು, ಅದೇ 20.04ರಲ್ಲಿ ಎಚ್‌ಡಬ್ಲ್ಯುಇ (ಹೊಸ ಹಾರ್ಡ್‌ವೇರ್‌ಗಾಗಿ ಕೊಡುವ ಹೊಸ) ಕರ್ನಲ್ ಹಾಕಿಕೊಂಡಿದ್ದವರು ಸಿಕ್ಕಿಬಿದ್ದರು. ಅತ್ತ ಕರ್ನಲ್‌ನ ಫೈರ್‌ವಾಲ್ ಭಾಗವಾದ ಎನ್‌ಎಫ್ ಟೇಬಲ್ಸ್‌ನ ಸಿವಿಇ-2024-1086 ನೋಡಿ, 3.15ರಿಂದಲೇ ಇತ್ತು, 5.4ಕ್ಕೂ ತಾಗುತ್ತದೆ. ಅದರ ತಿದ್ದುಪಡಿ 2024ರ ಜನವರಿಯದು. ನಿಮ್ಮ ಯಂತ್ರ ಕೊನೆಯ ಸಲ ಬೂಟ್ ಆದಾಗ ಆ ಪ್ಯಾಚ್ ಕರ್ನಲ್‌ನಲ್ಲಿತ್ತೇ ಅನ್ನುವುದೇ ಪ್ರಶ್ನೆ.

ಇನ್ನೊಂದು: 20.04ರ ಸಾಮಾನ್ಯ ಬೆಂಬಲ 2025ರ ಮೇ 31ಕ್ಕೆ ಮುಗಿಯಿತು. ಉಬುಂಟು ಪ್ರೊಗೆ (ಆಮೇಲೂ ಪ್ಯಾಚ್ ಕೊಡುವ ಚಂದಾ ಸೇವೆ) ಸೇರಿಸದಿದ್ದರೆ 'ಆಪ್ಟ್ ಅಪ್‌ಗ್ರೇಡ್' ಏನೂ ಇಲ್ಲ ಅಂತ ಹೇಳುತ್ತದೆ, ನೀವು ಎಲ್ಲ ಸರಿಯಿದೆ ಅಂದುಕೊಳ್ಳುತ್ತೀರಿ. 'ಪ್ರೊ ಸ್ಟೇಟಸ್' ನೋಡಿ.

---

ಸೂಜಿಗಣ್ಣು

ಬೇರು ಅವರು ಪೋಲ್‌ಕಿಟ್ ಬಗ್ಗೆ ಬೇಗ ದಾಟಿಹೋದರು. ಆ ದೋಷವನ್ನು ಹತ್ತಿರದಿಂದ ನೋಡಿದರೆ ಸೆಟ್‌ಯುಐಡಿ ಪ್ರೋಗ್ರಾಂ ಯಾಕೆ ಅಪಾಯ ಅನ್ನುವುದು ಒಂದೇ ಏಟಿಗೆ ತಿಳಿಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಯಾವುದೇ ಪ್ರೋಗ್ರಾಂ ಶುರುವಾದಾಗ ಕರ್ನಲ್ ಎರಡು ಪಟ್ಟಿ ಕೊಡುತ್ತದೆ: ಆರ್ಗ್ಯುಮೆಂಟ್‌ಗಳದ್ದು ಒಂದು, ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳದ್ದು ಒಂದು. ಮೆಮೊರಿಯಲ್ಲಿ ಎರಡೂ ಒಂದರ ಬಾಲಕ್ಕೆ ಇನ್ನೊಂದು. ಆರ್ಗ್ಯುಮೆಂಟ್ ಪಟ್ಟಿಯ 0ನೇ ಜಾಗದಲ್ಲಿ ಪ್ರೋಗ್ರಾಂ ಹೆಸರು ಇದ್ದೇ ಇರುತ್ತದೆ ಅಂತ ಎಲ್ಲರ ನಂಬಿಕೆ. ಪಿಕೆಎಕ್ಸೆಕ್ ಬರೆದವರದ್ದೂ ಅದೇ ನಂಬಿಕೆ, ಹಾಗಾಗಿ ಲೂಪ್ 1ರಿಂದ ಶುರು. ಆದರೆ ಖಾಲಿ ಆರ್ಗ್ಯುಮೆಂಟ್ ಪಟ್ಟಿ ಕೊಟ್ಟು ಪ್ರೋಗ್ರಾಂ ಓಡಿಸಲು ಲಿನಕ್ಸ್ ಬಿಡುತ್ತಿತ್ತು. ಆಗ 0ನೇ ಜಾಗದಲ್ಲಿ ಇರುವುದು ಪಟ್ಟಿ ಮುಗಿಯಿತು ಅನ್ನುವ ಗುರುತು. 1ನೇ ಜಾಗ ಅಂದರೆ ಪಕ್ಕದ ಮನೆ, ಮೊದಲ ಎನ್ವಿರಾನ್‌ಮೆಂಟ್ ವೇರಿಯಬಲ್! ಪಿಕೆಎಕ್ಸೆಕ್ ಅದನ್ನೇ ಓಡಿಸಬೇಕಾದ ಪ್ರೋಗ್ರಾಂ ಹೆಸರು ಅಂತ ತಿಳಿದು, ಪಾತ್‌ನಲ್ಲಿ (ಪ್ರೋಗ್ರಾಂ ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ) ಹುಡುಕಿ, ಸಿಕ್ಕ ಪೂರ್ಣ ಹೆಸರನ್ನು ಅದೇ ಜಾಗಕ್ಕೆ ವಾಪಸು ಬರೆಯುತ್ತದೆ.

ಇಷ್ಟರಿಂದ ಏನಾಯಿತು? ಸೆಟ್‌ಯುಐಡಿ ಪ್ರೋಗ್ರಾಂ ಶುರುವಾಗುವ ಮುನ್ನ ಲೋಡರ್ ಅಪಾಯಕಾರಿ ವೇರಿಯಬಲ್‌ಗಳನ್ನು ಗುಡಿಸಿ ಹಾಕಿರುತ್ತದೆ. ಪಿಕೆಎಕ್ಸೆಕ್ ಗುಡಿಸಿದ ಮೇಲೆ ತಾನೇ ಒಂದನ್ನು ಒಳಗೆ ತಂದಿಟ್ಟುಕೊಂಡಿತು. ಅಕ್ಷರ ಪರಿವರ್ತನೆಯ ಲೈಬ್ರರಿ ಎಲ್ಲಿದೆ ಅಂತ ಹೇಳುವ 'ಜಿಕಾನ್ವ್ ಪಾತ್' ಅಂಥದ್ದೊಂದು. ಆಮೇಲೆ ಪಿಕೆಎಕ್ಸೆಕ್ ಒಂದು ದೋಷಸಂದೇಶ ಮುದ್ರಿಸುವಂತೆ ಮಾಡಿದರೆ ಸಾಕು, ಆ ಲೈಬ್ರರಿ ರೂಟ್ ಅಧಿಕಾರದಲ್ಲೇ ಲೋಡ್ ಆಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. 2009ರ ಮೇ ತಿಂಗಳ ಮೊದಲ ಆವೃತ್ತಿಯಿಂದ ಇದ್ದ ದೋಷ, ಕ್ವಾಲಿಸ್ ಭದ್ರತಾ ಸಂಸ್ಥೆಯವರು ಹೊರಹಾಕಿದ್ದು 2022ರ ಜನವರಿ 25ಕ್ಕೆ. ಓಪನ್‌ಬಿಎಸ್‌ಡಿಯಲ್ಲಿ ಖಾಲಿ ಪಟ್ಟಿಯನ್ನು ಕರ್ನಲ್ಲೇ ಒಪ್ಪುವುದಿಲ್ಲ, ಅಲ್ಲಿ ಈ ಆಟ ನಡೆಯಲಿಲ್ಲ. ಲಿನಕ್ಸ್ 5.18ರಿಂದ ಖಾಲಿ ಪಟ್ಟಿಗೆ ಒಂದು ಖಾಲಿ ಸ್ಟ್ರಿಂಗ್ ತುಂಬಿಸಿ ಕೊಡುತ್ತದೆ.

ಹಳೆಯ ಲಾಗ್ ಉಳಿದಿದ್ದರೆ 'ಆತ್.ಲಾಗ್' ಒಳಗೆ ಶೆಲ್ ವೇರಿಯಬಲ್‌ನ ಮೌಲ್ಯ '/ಇಟಿಸಿ/ಶೆಲ್ಸ್' ಫೈಲ್‌ನಲ್ಲಿ ಸಿಗಲಿಲ್ಲ ಅನ್ನುವ ಅಥವಾ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಅನುಮಾನಾಸ್ಪದ ವಿಷಯ ಇದೆ ಅನ್ನುವ ಪಿಕೆಎಕ್ಸೆಕ್ ಸಾಲು ಹುಡುಕಿ. ಸಿಕ್ಕರೆ ಯಾರೋ ಪ್ರಯತ್ನ ಮಾಡಿದ್ದಾರೆ. ಸಿಗದಿದ್ದರೆ ಯಾರೂ ಮಾಡಿಲ್ಲ ಅಂತಲ್ಲ. ಗುರುತು ಬಿಡದೆಯೂ ಮಾಡಬಹುದು.

ಈಗ ನಿಮ್ಮ ಮೂರನೇ ಪ್ರಶ್ನೆ. ರೂಟ್ ಅಧಿಕಾರದಲ್ಲಿ ಓಡುವ ಫೈಲ್‌ಗಳ ಪಟ್ಟಿ ತೆಗೆಯಿರಿ:

'ಫೈಂಡ್ / -ಎಕ್ಸ್‌ಡೆವ್ -ಟೈಪ್ ಎಫ್ -ಪರ್ಮ್ -4000 -ಎಲ್‌ಎಸ್'

'-ಎಕ್ಸ್‌ಡೆವ್' ಇರುವುದರಿಂದ ಬೇರೆ ಪಾರ್ಟಿಶನ್ ಒಳಗೆ ಹೋಗುವುದಿಲ್ಲ. '/ಹೋಮ್' ಪ್ರತ್ಯೇಕವಾಗಿದ್ದರೆ ಅದಕ್ಕೂ ಬೇರೆ ಓಡಿಸಿ. ಪಟ್ಟಿಯ ಪ್ರತಿ ಫೈಲ್‌ಗೂ 'ಡಿಪಿಕೆಜಿ -ಎಸ್' ಕೊಟ್ಟು (ಎಸ್ ದೊಡ್ಡಕ್ಷರ) ಯಾವ ಪ್ಯಾಕೇಜ್‌ನದು ಅಂತ ಕೇಳಿ. ಇಲ್ಲಿ ಒಂದು ಎಡವಟ್ಟು: 20.04ರಲ್ಲಿ '/ಬಿನ್' ಅನ್ನುವುದು '/ಯುಎಸ್‌ಆರ್/ಬಿನ್'ಗೆ ಕೊಂಡಿ ಅಷ್ಟೇ. 'ಎಸ್‌ಯು', 'ಮೌಂಟ್' ಮುಂತಾದವು ಪ್ಯಾಕೇಜ್ ದಾಖಲೆಯಲ್ಲಿ '/ಬಿನ್' ಕೆಳಗಿವೆ, ಫೈಂಡ್ ತೋರಿಸುವುದು '/ಯುಎಸ್‌ಆರ್/ಬಿನ್' ಅಂತ. ಯಾವ ಪ್ಯಾಕೇಜ್‌ನದೂ ಅಲ್ಲ ಅಂದ ಕೂಡಲೇ ಹೌಹಾರಬೇಡಿ, '/ಯುಎಸ್‌ಆರ್' ತೆಗೆದು ಇನ್ನೊಮ್ಮೆ ಕೇಳಿ. ಆಗಲೂ ಇಲ್ಲ ಅಂದರೆ ಆ ಫೈಲ್ ಮೇಲೆ ಕೂರಬೇಕು.

ಬೇಡದವುಗಳ ಬಿಟ್ ತೆಗೆಯುವಾಗ ಬರೀ 'ಸಿಎಚ್‌ಮಾಡ್' ಮಾಡಿದರೆ ಮುಂದಿನ ಅಪ್‌ಡೇಟ್ ಮತ್ತೆ ಹಾಕಿಬಿಡುತ್ತದೆ. 'ಡಿಪಿಕೆಜಿ-ಸ್ಟಾಟ್‌ಓವರ್‌ರೈಡ್ --ಅಪ್‌ಡೇಟ್ --ಆ್ಯಡ್ ರೂಟ್ ರೂಟ್ 0755' ಅಂತ ಬರೆದು ಫೈಲ್ ಹೆಸರು ಕೊಡಿ. ಡೆಸ್ಕ್‌ಟಾಪ್ ಇಲ್ಲದ ಸರ್ವರ್‌ನಲ್ಲಿ ಪಿಕೆಎಕ್ಸೆಕ್, ಸಿಎಚ್‌ಎಸ್‌ಎಚ್, ಸಿಎಚ್‌ಎಫ್‌ಎನ್ ಮೂರಕ್ಕೂ ಹೀಗೆ ಮಾಡಬಹುದು. ಸುಡೊ, ಪಾಸ್‌ವರ್ಡ್ ಬದಲಿಸುವ ಕಮಾಂಡ್ ಇವನ್ನು ಮುಟ್ಟಬೇಡಿ.

ಸೆಟ್‌ಯುಐಡಿ ಬಿಟ್ ಇಲ್ಲದೆಯೂ ಅಧಿಕಾರ ಇರಬಹುದು, ಕೇಪಬಿಲಿಟಿ ಅನ್ನುವ ಬಿಡಿಬಿಡಿ ಹಕ್ಕುಗಳಾಗಿ. 'ಗೆಟ್‌ಕ್ಯಾಪ್ -ಆರ್ /' ಓಡಿಸಿ. ಪಿಂಗ್‌ಗೆ 'ಕ್ಯಾಪ್ ನೆಟ್ ರಾ' ಇರುವುದು ಸಹಜ. ಪೈಥಾನ್‌ಗೆ 'ಕ್ಯಾಪ್ ಸೆಟ್‌ಯುಐಡಿ' ಕಂಡರೆ ಅದು ಪಾಸ್‌ವರ್ಡ್ ಇಲ್ಲದ ರೂಟ್.

---

ಟರ್ಮಿನಲ್_ತಿಮ್ಮ

ಸಿವಿಇ ಸಂಖ್ಯೆಗಳ ಹಿಂದೆ ಓಡುತ್ತಿದ್ದೀರಿ ಗುರುಗಳೇ, ಇತ್ತ 12 ಜನರ ಕೈಯಲ್ಲಿ ರೂಟ್ ಈಗಾಗಲೇ ಇದೆ.

ಡಾಕರ್ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಓಡುವುದು ರೂಟ್ ಆಗಿ. ಡಾಕರ್ ಗುಂಪಿನವರು ಅದರ ಸಾಕೆಟ್‌ಗೆ ಏನು ಹೇಳಿದರೂ ಅದು ಮಾಡುತ್ತದೆ. ಹೋಸ್ಟ್‌ನ '/' ಅನ್ನೇ ಕಂಟೇನರ್ ಒಳಗೆ ಮೌಂಟ್ ಮಾಡು ಅಂದರೂ ಮಾಡುತ್ತದೆ. ಕಂಟೇನರ್ ಒಳಗೆ ಅವರು ರೂಟ್, ಅಲ್ಲಿಂದ ಹೋಸ್ಟ್‌ನ ಯಾವ ಫೈಲ್ ಬೇಕಾದರೂ ಬರೆಯಬಹುದು. ಇದರಲ್ಲಿ ದೋಷವೇ ಇಲ್ಲ, ಅದು ಇರುವುದೇ ಹಾಗೆ. ಡಾಕರ್‌ನ ಸ್ವಂತ ದಾಖಲೆಯಲ್ಲೇ ಎಚ್ಚರಿಕೆ ಇದೆ. ದೋಷ ಅಲ್ಲದ್ದರಿಂದಲೇ ಸ್ಕ್ಯಾನರ್ ಕೆಂಪು ತೋರಿಸಲಿಲ್ಲ. ಸುಡೊ ಲಾಗ್‌ನಲ್ಲೂ ಒಂದು ಸಾಲು ಬೀಳುವುದಿಲ್ಲ. ಇನ್ನೊಂದು ಕಂಟೇನರ್ ಸಾಧನವಾದ 'ಎಲ್‌ಎಕ್ಸ್‌ಡಿ' ಗುಂಪಿನದೂ ಇದೇ ಕಥೆ, ಅದರಲ್ಲಿ ಯಾರಿದ್ದಾರೆ ನೋಡಿ.

ಗುಂಪಿನಿಂದ ತೆಗೆದರೆ ('ಜಿಪಾಸ್‌ವಡ್ -ಡಿ') ತಕ್ಷಣ ಹೋಗುವುದಿಲ್ಲ. ಆಗಲೇ ಲಾಗಿನ್ ಆಗಿರುವ ಸೆಷನ್, ಟಿಮಕ್ಸ್ ಒಳಗೆ ಬಿಟ್ಟುಹೋದ ಶೆಲ್ ಇವುಗಳಿಗೆ ಹಳೆಯ ಗುಂಪು ಅಂಟಿಕೊಂಡೇ ಇರುತ್ತದೆ. 'ಲಾಗಿನ್‌ಸಿಟಿಎಲ್ ಟರ್ಮಿನೇಟ್-ಯೂಸರ್' ಮಾಡಿ. ಆಮೇಲೆ 'ಡಾಕರ್ ಪಿಎಸ್ -ಎ' ನೋಡಿ: ತಾನಾಗಿ ಮತ್ತೆ ಶುರುವಾಗುವ, ಪ್ರಿವಿಲೆಜ್ಡ್ ಆಗಿ ಓಡುವ ಕಂಟೇನರ್ ಉಳಿದಿದೆಯೇ ಅಂತ.

ಇನ್ನು ಸುಡೋಯರ್ಸ್.

ವಿಮ್ ಸಾಲು: ವಿಮ್ ಒಳಗಿಂದ ':!' ಹೊಡೆದರೆ ಶೆಲ್. ಫೈಲ್ ಹೆಸರನ್ನು ಎಷ್ಟೇ ಬಿಗಿಯಾಗಿ ಬರೆದರೂ ಎಡಿಟರ್ ರೂಟ್ ಆಗಿ ಓಡುತ್ತಿದೆಯಲ್ಲ. ಲೆಸ್, ಮ್ಯಾನ್, ಫೈಂಡ್, ಆಕ್, ಪೈಥಾನ್ ಎಲ್ಲಕ್ಕೂ ಇದೇ ಮಾತು. ಇದರ ಬದಲು 'ಸುಡೊಎಡಿಟ್' ಕೊಡಿ. ಅದು ಫೈಲ್‌ನ ನಕಲನ್ನು ಬಳಕೆದಾರನ ಹೆಸರಲ್ಲೇ ತೆರೆದು, ಮುಚ್ಚಿದ ಮೇಲೆ ಮೂಲಕ್ಕೆ ಬರೆಯುತ್ತದೆ. ಸುಡೊಎಡಿಟ್‌ಗೂ ಒಂದು ಕಲೆ ಇದೆ, ಸಿವಿಇ-2023-22809: ಎಡಿಟರ್ ವೇರಿಯಬಲ್ ಒಳಗೆ '--' ಹಾಕಿ ಇನ್ನೊಂದು ಫೈಲ್ ಹೆಸರು ತುರುಕಿದರೆ ಅದನ್ನೂ ತೆರೆದುಕೊಡುತ್ತಿತ್ತು. ಮೂಲದಲ್ಲಿ 1.9.12ಪಿ2ರಲ್ಲಿ ಸರಿಯಾಗಿದೆ. ನಿಮ್ಮ ಪ್ಯಾಕೇಜ್‌ನ ಚೇಂಜ್‌ಲಾಗ್‌ನಲ್ಲಿ ಈ ಸಂಖ್ಯೆ ಇದೆಯೇ ನೋಡಿಕೊಂಡೇ ಬದಲಿಸಿ.

'(ಆಲ್, !ರೂಟ್)' ಸಾಲು: 2019ರಲ್ಲಿ ಇದೇ ಸಾಲಿನಿಂದ ಸಿವಿಇ-2019-14287 ಬಂತು. ಬಳಕೆದಾರ ಸಂಖ್ಯೆ -1 ಅಂತ ಕೊಟ್ಟರೆ ಸುಡೊ ಅದನ್ನು ಕರ್ನಲ್‌ಗೆ ಹಾಗೇ ದಾಟಿಸುತ್ತಿತ್ತು; ಕರ್ನಲ್ ಭಾಷೆಯಲ್ಲಿ -1 ಅಂದರೆ 'ಬದಲಿಸಬೇಡ'. ಸುಡೊ ಅದಾಗಲೇ ರೂಟ್, ಬದಲಿಸದಿದ್ದರೆ ರೂಟ್ ಆಗಿಯೇ ಉಳಿಯಿತು. 1.8.28ರಲ್ಲಿ ಮುಚ್ಚಿದೆ, ನಿಮ್ಮದಕ್ಕೆ ಆ ದೋಷ ಇಲ್ಲ. ಆದರೂ ಸಾಲು ಕೆಟ್ಟದ್ದೇ. ರೂಟ್ ಬಿಟ್ಟು ಯಾರಾದರೂ ಆಗಬಹುದು ಅಂದರೆ ಡಾಕರ್ ಗುಂಪಿನವನಾಗಬಹುದು, ಸುಡೊ ಇರುವ ಆಡಳಿತಗಾರನ ಖಾತೆಯೂ ಆಗಬಹುದು. ಅಲ್ಲಿಂದ ರೂಟ್ ಎಷ್ಟು ದೂರ? ಯಾವ ಖಾತೆ ಬೇಕೋ ಅದರ ಹೆಸರು, ಯಾವ ಕಮಾಂಡ್ ಬೇಕೋ ಅದರ ಪೂರ್ಣ ಪಾತ್, ಅಷ್ಟೇ ಬರೆಯಿರಿ.

ಕ್ರಾನ್: '*' ಅನ್ನು ಬಿಡಿಸುವುದು ಶೆಲ್, ಟಾರ್ ಅಲ್ಲ. ಶೇರ್ ಫೋಲ್ಡರ್‌ನಲ್ಲಿ ಯಾರಾದರೂ '--ಚೆಕ್‌ಪಾಯಿಂಟ್' ಅಂತ ಶುರುವಾಗುವ ಹೆಸರಿನ ಖಾಲಿ ಫೈಲ್ ಮಾಡಿಟ್ಟರೆ ಟಾರ್‌ಗೆ ಅದು ಫೈಲ್ ಅಲ್ಲ, ಆಯ್ಕೆ. ಗ್ನು ಟಾರ್‌ನ ಚೆಕ್‌ಪಾಯಿಂಟ್ ಆಯ್ಕೆಗೆ ಕಮಾಂಡ್ ಓಡಿಸುವ ಶಕ್ತಿ ಇದೆ. ರಾತ್ರಿ 2ಕ್ಕೆ ರೂಟ್ ಆಗಿ ಓಡುತ್ತದೆ, ಬೆಳಿಗ್ಗೆ ಬ್ಯಾಕಪ್ ಸರಿಯಾಗಿಯೇ ಇರುತ್ತದೆ. 'ಸಿಡಿ', '*' ಎರಡನ್ನೂ ತೆಗೆದು ಟಾರ್‌ನ '-ಸಿ' ಆಯ್ಕೆಗೆ (ದೊಡ್ಡಕ್ಷರ) ಫೋಲ್ಡರ್ ಹೆಸರು ಕೊಟ್ಟು ಕೊನೆಗೆ ಒಂದು ಚುಕ್ಕೆ ಹಾಕಿ. ಆ ಸ್ಕ್ರಿಪ್ಟ್ ಫೈಲ್ ಮಾತ್ರವಲ್ಲ, ಅದಿರುವ ಫೋಲ್ಡರ್‌ಗೂ ರೂಟ್ ಬಿಟ್ಟು ಬೇರೆಯವರು ಬರೆಯಲಾಗದಂತಿರಲಿ. ಫೋಲ್ಡರ್‌ಗೆ ಬರೆಯುವ ಹಕ್ಕಿದ್ದವನು ಫೈಲನ್ನೇ ಅಳಿಸಿ ತನ್ನದನ್ನು ಅದೇ ಹೆಸರಲ್ಲಿ ಇಡಬಲ್ಲ.

---

ಲ್ಯಾಬ್_ಕೀಲಿಕೈ

ಎಲ್ಲರಿಗೂ ಧನ್ಯವಾದ. ಫಲಿತಾಂಶ ಇಲ್ಲಿದೆ.

'ಸುಡೊಎಡಿಟ್ -ಎಸ್ /' ಕೊಟ್ಟಾಗ 'ಯೂಸೇಜ್:' ಬಂತು. ಸುಡೊ, ಪೋಲ್‌ಕಿಟ್ ಎರಡರ ಬಾಲವೂ ಬೇರು ಅವರು ಹೇಳಿದ್ದಕ್ಕಿಂತ ಮುಂದೆ ಇದೆ. ರೀಬೂಟ್ ಬೇಕು ಅನ್ನುವ ಫೈಲ್ ಇದೆ. ಪ್ರೊ ಸೇರಿಸಿಲ್ಲ.

ಸೆಟ್‌ಯುಐಡಿ ಪಟ್ಟಿಯಲ್ಲಿ ಯಾವ ಪ್ಯಾಕೇಜ್‌ಗೂ ಸೇರದ ಒಂದು ಫೈಲ್ ಸಿಕ್ಕಿತು: '/ಯುಎಸ್‌ಆರ್/ಲೋಕಲ್/ಬಿನ್/ಲ್ಯಾಬ್‌ಪ್ರಿಂಟ್'. ಒಳಗೆ ಇರುವುದು ನಾಲ್ಕು ಸಾಲಿನ ಸಿ: 'ಸೆಟ್‌ಯುಐಡಿ(0)' ಕರೆದು, ಬಳಕೆದಾರ ಕೊಟ್ಟ ಫೈಲ್ ಹೆಸರನ್ನು ಎಲ್‌ಪಿಆರ್ ಕಮಾಂಡ್‌ಗೆ ಅಂಟಿಸಿ 'ಸಿಸ್ಟಮ್()'ಗೆ ಕೊಡುತ್ತದೆ. ಪ್ರಿಂಟರ್‌ಗೆ ಕಳಿಸುವುದಷ್ಟೇ ಅದರ ಕೆಲಸ. ಇದರಿಂದ ತೊಂದರೆ ಇದೆಯೇ?

ಡಾಕರ್ ಮಾತ್ರ ಪೂರ್ತಿ ತೆಗೆಯಲಾಗದು, ಪ್ರಾಜೆಕ್ಟ್ ನಿಂತುಹೋಗುತ್ತದೆ.

---

ಸೂಜಿಗಣ್ಣು

ಈ ನಾಲ್ಕು ಸಾಲಿನಲ್ಲಿ ಎರಡು ತೂತುಗಳಿವೆ.

ಮೊದಲನೆಯದು ಪಾತ್. 'ಸಿಸ್ಟಮ್()' ಒಂದು ಶೆಲ್ ತೆರೆದು ಎಲ್‌ಪಿಆರ್ ಅನ್ನು ಪಾತ್ ವೇರಿಯಬಲ್‌ನಲ್ಲಿ ಹುಡುಕುತ್ತದೆ. ಸೆಟ್‌ಯುಐಡಿ ಪ್ರೋಗ್ರಾಂಗೆ 'ಎಲ್‌ಡಿ ಪ್ರಿಲೋಡ್' ಥರದವನ್ನು ಲೋಡರ್ ನಿರ್ಲಕ್ಷಿಸುತ್ತದೆ ನಿಜ, ಪಾತನ್ನು ಮಾತ್ರ ಮುಟ್ಟುವುದಿಲ್ಲ. ಅದು ಬಳಕೆದಾರ ಇಟ್ಟಂತೆಯೇ ಬರುತ್ತದೆ. ಅವನು ತನ್ನ ಫೋಲ್ಡರನ್ನು ಪಾತ್‌ನ ಮೊದಲಲ್ಲಿಟ್ಟು ಅಲ್ಲೊಂದು 'ಎಲ್‌ಪಿಆರ್' ಬರೆದಿಟ್ಟರೆ ರೂಟ್ ಆಗಿ ಓಡುವುದು ಅದೇ.

ಎರಡನೆಯದು ಫೈಲ್ ಹೆಸರು. ಹೆಸರಿನಲ್ಲಿ ಅರ್ಧವಿರಾಮ ಚಿಹ್ನೆ (;) ಇದ್ದರೆ ಶೆಲ್‌ಗೆ ಅದು ಕಮಾಂಡ್ ಮುಗಿದ ಗುರುತು, ಮುಂದಿನದು ಹೊಸ ಕಮಾಂಡ್. ಪಾತ್ ಸರಿಪಡಿಸಿದರೂ ಇದು ಉಳಿಯುತ್ತದೆ.

ಆ 'ಸೆಟ್‌ಯುಐಡಿ(0)' ಯಾಕೆ ಸೇರಿತು ಅನ್ನುವುದು ಊಹಿಸಬಹುದಾದದ್ದೇ. ಓಡಿಸುವವನು ಒಬ್ಬ, ಅಧಿಕಾರ ಇನ್ನೊಬ್ಬನದು ಅಂತ ಕಂಡರೆ ಬ್ಯಾಶ್ ತಾನಾಗಿ ಅಧಿಕಾರ ಕಳಚಿಡುತ್ತದೆ. ಓಡುತ್ತಿಲ್ಲವಲ್ಲ ಅಂತ ಬರೆಯುವವರು ಈ ಸಾಲು ಸೇರಿಸುತ್ತಾರೆ, ಆಗ ಎರಡೂ ರೂಟ್ ಆಗಿ ಆ ರಕ್ಷಣೆಯೂ ಹೋಗುತ್ತದೆ.

ಪ್ರಿಂಟ್ ಕಳಿಸಲು ರೂಟ್ ಬೇಕೇ ಇಲ್ಲ. ಪ್ರಿಂಟ್ ವ್ಯವಸ್ಥೆಯಾದ ಕಪ್ಸ್ ಸಾಮಾನ್ಯ ಖಾತೆಯಿಂದಲೇ ಕೆಲಸ ತೆಗೆದುಕೊಳ್ಳುತ್ತದೆ. ಫೈಲ್ ಅಳಿಸಿಬಿಡಿ, ಕ್ಯೂ ಹೆಸರು ತುಂಬಿದ ಎರಡು ಸಾಲಿನ ಮಾಮೂಲಿ ಸ್ಕ್ರಿಪ್ಟ್ ಇಡಿ. ಹಕ್ಕು ಬೇಕೇ ಬೇಕು ಅನ್ನುವ ಬೇರೆ ಸಾಧನಗಳಿದ್ದರೆ 'ಸಿಸ್ಟಮ್()' ಬಿಟ್ಟು ಪೂರ್ಣ ಪಾತ್‌ನೊಂದಿಗೆ 'ಎಕ್ಸೆಕ್‌ವಿಇ()' ಬಳಸಿ, ಎನ್ವಿರಾನ್‌ಮೆಂಟ್ ಅನ್ನು ನೀವೇ ಕಟ್ಟಿಕೊಡಿ, ಬಳಕೆದಾರನದ್ದನ್ನು ದಾಟಿಸಬೇಡಿ.

---

ಬೇರು_ಬಳಕೆದಾರ

ಡಾಕರ್‌ಗೆ ದಾರಿ: ರೂಟ್‌ಲೆಸ್ ಡಾಕರ್. ಪ್ರತಿ ವಿದ್ಯಾರ್ಥಿಗೂ ಅವನದೇ ಡೀಮನ್, ಅವನದೇ ಹಕ್ಕಿನಲ್ಲಿ. 'ಯುಐಡಿಮ್ಯಾಪ್' ಪ್ಯಾಕೇಜ್ ಬೇಕು. '/ಇಟಿಸಿ/ಸಬ್‌ಯುಐಡಿ', '/ಇಟಿಸಿ/ಸಬ್‌ಜಿಐಡಿ' ಎರಡರಲ್ಲೂ ಒಬ್ಬೊಬ್ಬರಿಗೆ 65,536 ಸಂಖ್ಯೆಗಳ ಹರವು ಬೇಕು, ಒಬ್ಬರದು ಇನ್ನೊಬ್ಬರದರ ಮೇಲೆ ಬೀಳಬಾರದು. 12 ಜನಕ್ಕೆ 7,86,432. ಖಾತೆಗಳನ್ನು ಸ್ಕ್ರಿಪ್ಟ್‌ನಿಂದ ಸೃಷ್ಟಿಸಿದ್ದರೆ ಈ ಸಾಲುಗಳು ಇಲ್ಲದಿರಬಹುದು, ತೆರೆದು ನೋಡಿ.

ಕಿರಿಕಿರಿ ಎರಡಿವೆ. 1024ಕ್ಕಿಂತ ಕೆಳಗಿನ ಪೋರ್ಟ್ ಸಾಮಾನ್ಯವಾಗಿ ಸಿಗದು, 8080ರಂಥದ್ದು ಬಳಸಲು ಹೇಳಿ. ಎರಡನೆಯದು ಹೆಚ್ಚು ಕಾಡುತ್ತದೆ: ಮೆಮೊರಿ, ಸಿಪಿಯು ಮಿತಿ ಕೆಲಸ ಮಾಡಬೇಕಾದರೆ ಸಿಗ್ರೂಪ್ ವಿ2 (ಕರ್ನಲ್‌ನಲ್ಲಿ ಮಿತಿ ಹಾಕುವ ವ್ಯವಸ್ಥೆಯ ಎರಡನೇ ಆವೃತ್ತಿ) ಬೇಕು. 20.04ರಲ್ಲಿ ಅದು ಡೀಫಾಲ್ಟ್ ಅಲ್ಲ, ಮಿತಿ ಹಾಕಿದರೂ ಹಿಡಿಯುವುದಿಲ್ಲ. ಒಬ್ಬನ ಕಂಟೇನರ್ ಎಲ್ಲರ ರ‍್ಯಾಮ್ ನುಂಗುತ್ತದೆ. 22.04ರಲ್ಲಿ ವಿ2 ತಾನಾಗಿ ಇದೆ.

---

ಟರ್ಮಿನಲ್_ತಿಮ್ಮ

ಬೇರು ಸರ್, ಒಂದು ತಕರಾರು. ರೂಟ್‌ಲೆಸ್ ನಿಂತಿರುವುದೇ ಅನ್‌ಪ್ರಿವಿಲೆಜ್ಡ್ ಯೂಸರ್ ನೇಮ್‌ಸ್ಪೇಸ್ (ಸಾಮಾನ್ಯ ಖಾತೆ ತನ್ನದೇ ಪ್ರತ್ಯೇಕ ವಲಯ ಮಾಡಿಕೊಂಡು ಅದರೊಳಗೆ ಮಾತ್ರ ರೂಟ್ ಆಗುವ ಸೌಲಭ್ಯ) ಮೇಲೆ. ನೀವೇ ಮೇಲೆ ಹೇಳಿದ 2024-1086ಕ್ಕೆ ಸಾಮಾನ್ಯ ಖಾತೆಯಿಂದ ಎನ್‌ಎಫ್ ಟೇಬಲ್ಸ್ ಮುಟ್ಟಲು ಬೇಕಾದದ್ದೂ ಅದೇ. ಬಹಳ ಕಡೆ 'ಕರ್ನಲ್.ಅನ್‌ಪ್ರಿವಿಲೆಜ್ಡ್_ಯೂಸರ್‌ಎನ್‌ಎಸ್_ಕ್ಲೋನ್=0' ಇಟ್ಟು ಆ ಬಾಗಿಲನ್ನೇ ಹಾಕಿಬಿಡುತ್ತಾರೆ. ಹಾಕಿದರೆ ರೂಟ್‌ಲೆಸ್ ಏಳುವುದಿಲ್ಲ. ಹಾಕದಿದ್ದರೆ 12 ಜನಕ್ಕಾಗಿ 70 ಜನಕ್ಕೂ ಕರ್ನಲ್‌ನ ಆ ಭಾಗ ಮುಟ್ಟಲು ಬಿಟ್ಟಂತೆ.

---

ಬೇರು_ಬಳಕೆದಾರ

ತಕರಾರು ಸರಿಯಾಗಿದೆ. ಆದರೆ ತಕ್ಕಡಿಯ ಎರಡೂ ಬದಿ ನೋಡಿ. ಡಾಕರ್ ಗುಂಪು ಅಂದರೆ ಇವತ್ತೇ, ಖಚಿತವಾಗಿ ರೂಟ್, ಪ್ಯಾಚ್ ಇಲ್ಲ. ನೇಮ್‌ಸ್ಪೇಸ್ ತೆರೆದಿಡುವುದು ಅಂದರೆ ಮುಂದೊಂದು ದಿನ ಬರಬಹುದಾದ ಕರ್ನಲ್ ದೋಷ, ಪ್ಯಾಚ್ ಹಾಕಿ ರೀಬೂಟ್ ಮಾಡಿದರೆ ಮುಚ್ಚುತ್ತದೆ. ಎರಡರಲ್ಲಿ ಒಂದೇ ಆರಿಸಬೇಕೆಂದರೆ ನಾನು ಎರಡನೆಯದನ್ನೇ ಆರಿಸುತ್ತೇನೆ, ತಿಂಗಳಿಗೊಮ್ಮೆ ರೀಬೂಟ್ ಕಡ್ಡಾಯ ಅನ್ನುವ ಷರತ್ತಿನ ಮೇಲೆ. ಇನ್ನೊಂದು ಯಂತ್ರ ಇದ್ದರೆ ಡಾಕರ್‌ನ 12 ಜನರನ್ನು ಅಲ್ಲಿಗೆ ಕಳಿಸಿ, ಇಲ್ಲಿ ಮೌಲ್ಯ 0 ಇಟ್ಟುಬಿಡಿ. ಅದಕ್ಕಿಂತ ಒಳ್ಳೆಯದಿಲ್ಲ.

24.04ರಲ್ಲಿ ಮಧ್ಯದ ದಾರಿಯೊಂದಿದೆ. ಆಪ್‌ಆರ್ಮರ್ (ಪ್ರೋಗ್ರಾಂ ಏನು ಮಾಡಬಹುದು ಅಂತ ಮಿತಿ ಹಾಕುವ ವ್ಯವಸ್ಥೆ) ಪ್ರೊಫೈಲ್ ಇದ್ದ ಪ್ರೋಗ್ರಾಂಗೆ ಮಾತ್ರ ನೇಮ್‌ಸ್ಪೇಸ್ ಒಳಗೆ ಹಕ್ಕು ಸಿಗುತ್ತದೆ. ಅಲ್ಲಿ ರೂಟ್‌ಲೆಸ್ ಡಾಕರ್ ಬಳಸುವ ರೂಟ್‌ಲೆಸ್‌ಕಿಟ್‌ಗೆ ಪ್ರೊಫೈಲ್ ಇಲ್ಲದಿದ್ದರೆ ಡೀಮನ್ ಶುರುವಾಗದೆ ಅನುಮತಿ ಇಲ್ಲ ಅನ್ನುತ್ತದೆ. ಆಗ ಇಡೀ ನಿರ್ಬಂಧ ತೆಗೆಯಬೇಡಿ, ಪ್ರೊಫೈಲ್ ಬರೆಯಿರಿ.

ಜೊತೆಗೆ '/ಎಫ್‌ಎಸ್‌ಟ್ಯಾಬ್'... ಕ್ಷಮಿಸಿ, '/ಇಟಿಸಿ/ಎಫ್‌ಎಸ್‌ಟ್ಯಾಬ್' ಒಳಗೆ '/ಹೋಮ್', '/ಟಿಎಂಪಿ' ಎರಡಕ್ಕೂ 'ನೋಸೂಯಿಡ್, ನೋಡೆವ್' ಸೇರಿಸಿ. ಯಾರೋ ಒಮ್ಮೆ ರೂಟ್ ಆಗಿದ್ದಾಗ ತನ್ನ ಮನೆಯಲ್ಲಿ ಬಚ್ಚಿಟ್ಟ ಸೆಟ್‌ಯುಐಡಿ ಶೆಲ್ ನಿಷ್ಪ್ರಯೋಜಕವಾಗುತ್ತದೆ. 'ನೋಎಕ್ಸೆಕ್' ಬಗ್ಗೆ ಹೆಚ್ಚು ನೆಚ್ಚಬೇಡಿ, ಪೈಥಾನ್‌ಗೆ ಫೈಲ್ ಹೆಸರು ಕೊಟ್ಟು ಓಡಿಸಿದರೆ ಅದು ತಡೆಯುವುದಿಲ್ಲ. ಮೇಲಾಗಿ ವಿದ್ಯಾರ್ಥಿಗಳು ಮನೆಯಲ್ಲಿ ಕಂಪೈಲ್ ಮಾಡಿದ್ದು ಓಡದೆ ನಿಮ್ಮ ಹತ್ತಿರ ಬರುತ್ತಾರೆ. '/ಹೋಮ್' ಎನ್‌ಎಫ್‌ಎಸ್‌ನಿಂದ (ನೆಟ್‌ವರ್ಕ್ ಮೂಲಕ ಇನ್ನೊಂದು ಯಂತ್ರದಿಂದ) ಬರುತ್ತಿದ್ದರೆ ಆ ಕಡೆಯ ಎಕ್ಸ್‌ಪೋರ್ಟ್ಸ್ ಫೈಲ್‌ನಲ್ಲಿ 'ನೋ_ರೂಟ್_ಸ್ಕ್ವಾಶ್' (ಬೇರೆ ಯಂತ್ರದ ರೂಟನ್ನೂ ರೂಟ್ ಅಂತಲೇ ಒಪ್ಪುವ ಆಯ್ಕೆ) ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

---

ಕಿಟಕಿ_ಕಾವಲು

ಅದೇ ಲ್ಯಾಬ್‌ನಲ್ಲಿ ವಿಂಡೋಸ್ 10 ಯಂತ್ರಗಳೂ ಇದ್ದರೆ ಎರಡು ಪರೀಕ್ಷೆ ಮಾಡಿ.

ಒಂದು: 'ಐಕ್ಯಾಕಲ್ಸ್ ಸಿ:\ವಿಂಡೋಸ್\ಸಿಸ್ಟಮ್32\ಕಾನ್ಫಿಗ್\ಸ್ಯಾಮ್'. ಉತ್ತರದಲ್ಲಿ 'ಬಿಲ್ಟಿನ್\ಯೂಸರ್ಸ್' ಎದುರು '(ಐ)(ಆರ್‌ಎಕ್ಸ್)' ಕಂಡರೆ ಪಾಸ್‌ವರ್ಡ್ ಹ್ಯಾಶ್ ಇರುವ ಫೈಲನ್ನು ಯಾರು ಬೇಕಾದರೂ ಓದಬಹುದು. ಇದು ಸಿವಿಇ-2021-36934, 1809ನೇ ಆವೃತ್ತಿಯಿಂದ ಬಂದದ್ದು. ವಿಂಡೋಸ್ ಓಡುವಾಗ ಮೂಲ ಫೈಲ್‌ಗೆ ಬೀಗ ಇರುತ್ತದೆ, ಆದರೆ ಶ್ಯಾಡೋ ಕಾಪಿ (ವಿಂಡೋಸ್ ತೆಗೆದಿಡುವ ಡಿಸ್ಕ್‌ನ ಪ್ರತಿ) ಒಳಗಿನ ನಕಲಿಗೆ ಇಲ್ಲ. ಅಪ್‌ಡೇಟ್ ಹಾಕಿದರೆ ಮೂಲದ ಅನುಮತಿ ಸರಿಯಾಗುತ್ತದೆ, ಹಳೆಯ ಶ್ಯಾಡೋ ಕಾಪಿಗಳು ಹಳೆಯ ಅನುಮತಿಯಲ್ಲೇ ಉಳಿಯುತ್ತವೆ. 'ವಿಎಸ್‌ಎಸ್‌ಅಡ್ಮಿನ್ ಲಿಸ್ಟ್ ಶ್ಯಾಡೋಸ್' ನೋಡಿ ಅವನ್ನು ಕೈಯಾರೆ ಅಳಿಸಬೇಕು. ಬಹಳ ಜನ ಮರೆಯುವುದು ಇದನ್ನೇ.

ಎರಡು: 'ಎಸ್‌ಸಿ ಕ್ಯೂಸಿ' ಕೊಟ್ಟು ಸರ್ವಿಸ್‌ಗಳ ಪಾತ್ ನೋಡಿ. ಪಾತ್‌ನಲ್ಲಿ ಜಾಗ ಬಿಟ್ಟಿದ್ದು ಉದ್ಧರಣ ಚಿಹ್ನೆ ಇಲ್ಲದಿದ್ದರೆ, ಉದಾಹರಣೆಗೆ 'ಡಿ:\ಲ್ಯಾಬ್ ಸಾಫ್ಟ್\ಸರ್ವಿಸ್.ಇಎಕ್ಸ್‌ಇ', ವಿಂಡೋಸ್ ಮೊದಲು 'ಡಿ:\ಲ್ಯಾಬ್.ಇಎಕ್ಸ್‌ಇ' ಇದೆಯೇ ಅಂತ ನೋಡುತ್ತದೆ. ಸಿ ಡ್ರೈವ್‌ನ ಬುಡದಲ್ಲಿ ಸಾಮಾನ್ಯ ಬಳಕೆದಾರ ಫೈಲ್ ಇಡಲಾರ. ಡಿ ಡ್ರೈವ್‌ನಲ್ಲಿ ಡೀಫಾಲ್ಟ್ ಅನುಮತಿ ಪ್ರಕಾರ ಇಡಬಲ್ಲ. ಜಾಗ ಉಳಿಸಲು ಸಾಫ್ಟ್‌ವೇರ್ ಎಲ್ಲ ಡಿಗೆ ಹಾಕುವ ಲ್ಯಾಬ್‌ಗಳು ಇಲ್ಲೇ ಎಡವುತ್ತವೆ.

---

ಲ್ಯಾಬ್_ಕೀಲಿಕೈ

ಲ್ಯಾಬ್‌ಪ್ರಿಂಟ್ ತೆಗೆದಿದೆ, ಕ್ರಾನ್ ಬದಲಿಸಿದೆ, ಸುಡೋಯರ್ಸ್ ತಿದ್ದಿದೆ. ರಜೆಯಲ್ಲಿ 24.04ಕ್ಕೆ ಹೋಗೋಣ ಅಂದುಕೊಂಡಿದ್ದೇವೆ. 20.04ರಿಂದ ನೇರವಾಗಿ ಹೋಗಬಹುದೇ? ಹೋದಮೇಲೆ ಸುಡೊ ಚಿಂತೆ ಮುಗಿಯುತ್ತದೆಯೇ?

---

ಬೇರು_ಬಳಕೆದಾರ

ನೇರವಾಗಿ ಇಲ್ಲ. 20.04ರಿಂದ 22.04, ಅಲ್ಲಿಂದ 24.04. ಅಪ್‌ಗ್ರೇಡ್ ಶುರು ಮಾಡುವ ಮುನ್ನ ಸ್ಟಾಟ್‌ಓವರ್‌ರೈಡ್ ಪಟ್ಟಿಯನ್ನು ಒಂದು ಫೈಲ್‌ಗೆ ತೆಗೆದಿಡಿ, ಮುಗಿದ ಮೇಲೆ ಸೆಟ್‌ಯುಐಡಿ ಪಟ್ಟಿ ಮತ್ತೆ ತೆಗೆದು ಹೋಲಿಸಿ.

ಸುಡೊ ಚಿಂತೆ ಮುಗಿಯುವುದಿಲ್ಲ, ತಿರುಗುಮುರುಗಾಗುತ್ತದೆ. ಸಿವಿಇ-2025-32463 ಅಂತ ಒಂದಿದೆ, 2025ರ ಜೂನ್ 30ರಂದು ಹೊರಬಂದದ್ದು. '-ಆರ್' ಆಯ್ಕೆಯಲ್ಲಿ (ಇಲ್ಲೂ ದೊಡ್ಡಕ್ಷರ) ಬಳಕೆದಾರ ಹೇಳಿದ ಫೋಲ್ಡರನ್ನೇ '/' ಅಂತ ನಂಬಿ, ಅನುಮತಿ ನೋಡುವ ಮುಂಚೆಯೇ ಅದರೊಳಗಿನ 'ಎನ್‌ಎಸ್‌ಸ್ವಿಚ್.ಕಾನ್ಫ್' ಓದಿ, ಅದು ಹೇಳಿದ ಲೈಬ್ರರಿಯನ್ನು ರೂಟ್ ಆಗಿ ಲೋಡ್ ಮಾಡುತ್ತಿತ್ತು. ತಾಗುವುದು 1.9.14ರಿಂದ 1.9.17ರವರೆಗೆ. ನಿಮ್ಮ ಈಗಿನ 1.8.31ಕ್ಕೆ ಇದು ತಾಗುವುದೇ ಇಲ್ಲ, 22.04ರ 1.9.9ಕ್ಕೂ ಇಲ್ಲ. 24.04ರಲ್ಲಿ ಇರುವುದು 1.9.15ಪಿ5, ಸರಿಯಾಗಿ ಮಧ್ಯದಲ್ಲಿ. ಮೂಲದಲ್ಲಿ 1.9.17ಪಿ1ರಲ್ಲಿ ಸರಿಯಾಗಿದೆ. ಉಬುಂಟು ಪ್ಯಾಚ್ ಹೊಲಿದುಕೊಟ್ಟಿದೆ, ಆದರೆ 'ಸುಡೊ -ವಿ' 1.9.15ಪಿ5 ಅಂತಲೇ ಹೇಳುತ್ತದೆ. ಆವೃತ್ತಿ ಸಂಖ್ಯೆಯನ್ನಷ್ಟೇ ನೋಡುವ ಸ್ಕ್ಯಾನರ್ ಮತ್ತೆ ಕೆಂಪು ತೋರಿಸುತ್ತದೆ. ಚೇಂಜ್‌ಲಾಗ್‌ನಲ್ಲಿ ಈ ಸಂಖ್ಯೆ ಇರುವ ಸಾಲನ್ನು ಕತ್ತರಿಸಿ ವರದಿಗೆ ಅಂಟಿಸಿ ಕೊಡಿ.